ನೀರು ಕುಡಿದ ಪಿಂಗಾಣಿ

ಶ್ಯಾನುಭಾಗರು ಕಾಗದವನ್ನು ಎರಡನೇ ಸಲ ಓದಿ ಮುಗಿಸಿ, ಕನ್ನಡಕವನ್ನು ಹಣೆಗೆ ಏರಿಸಿ, ಹೋಟೆಲಿನ ಜಗಲಿಯ ಕೆಳಗೆ ನಿಂತಿದ್ದ ಸೇಸಮ್ಮನ ಮುಖ ನೋಡಿದರು. ಅವಳು ತಲೆಯ ಮೇಲಿನ ಮಡಕೆಯ ಬುಟ್ಟಿಯನ್ನು ಇಳಿಸಿಯೇ ಇರಲಿಲ್ಲ. ಬೆಳ್ತಂಗಡಿಯ ಸೋಮವಾರದ ಸಂತೆ ಅದು. ಅರ್ಧ ಸಂತೆ ವ್ಯಾಪಾರ ಬಿಟ್ಟು ಹೋಟೆಲಿನ ಮುಂದೆ ಬಂದು ನಿಂತಿತ್ತು.

"ಅರ್ಥ ಆಯ್ತಲ್ಲ ಸೇಸಮ್ಮ?" ಎಂದರು ಶ್ಯಾನುಭಾಗರು.

"ಮೊದಲನೇ ಸಲವೇ ಆಯ್ತು. ಎರಡನೇ ಸಲ ಓದಿದ್ದು ಯಾರಿಗೆ ಅಂತ ಮಾತ್ರ ಗೊತ್ತಾಗ್ಲಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಶ್ಯಾನುಭಾಗರು ನಗಲಿಲ್ಲ. ಕಾಗದದ ಭಾಷೆ ಸರ್ಕಾರದ್ದು, ಸಾರ ಇಷ್ಟೇ: ಲಾಯಿಲದ ಕುಂಬಾರ ಸೇಸಮ್ಮ ಎಂಬವರ ಆವೆಯ ಹೊಗೆಯಿಂದ ಕರೆಂಟಿನ ಕಂಬದ ಮೇಲೆ ತಂತಿ ಹೊರುವ ಪಿಂಗಾಣಿಗಳಿಗೆ ಮಸಿ ಹಿಡಿದಿದೆ; ಗುಡುಗು ಸಿಡಿಲಿನ ಸಮಯದಲ್ಲಿ ಆ ಮಸಿಯ ಮೂಲಕ ವಿದ್ಯುತ್ತು ಸೋರಿ ಪೇಟೆಯ ದೀಪಗಳು ಪದೇ ಪದೇ ನಂದುತ್ತಿವೆ; ಆದಕಾರಣ ಸದರಿ ಆವೆಯನ್ನು ಎಂಟು ದಿನಗಳೊಳಗಾಗಿ ತೆಗೆಯತಕ್ಕದ್ದು, ಅಲ್ಲಿಯವರೆಗೆ ಅದಕ್ಕೆ ಬೆಂಕಿ ಹಾಕಕೂಡದು. ಕೆಳಗೆ ಬಂಟ್ವಾಳದಲ್ಲಿ ಕೂರುವ ಇಂಜಿನಿಯರರ ರುಜು.

ಅರವತ್ತನಾಲ್ಕನೇ ಇಸವಿಯ ಬೇಸಗೆ. ಪೇಟೆಗೆ ಕರೆಂಟು ಬಂದು ಒಂದು ವರ್ಷ ತುಂಬಿತ್ತಷ್ಟೆ. ಹುಟ್ಟಿದಾಗಿನಿಂದ ಚಿಮಿಣಿ ದೀಪದಲ್ಲಿ ಉಂಡು ಮಲಗಿದವರಿಗೆಲ್ಲ ಈಗ ಅರ್ಧ ಗಂಟೆ ಬಲ್ಬು ಆರಿದರೆ ತಲೆ ಕೆಡುತ್ತಿತ್ತು. ಹೋದ ವಾರ ಜವಳಿ ಅಂಗಡಿಯವರ ಮಗಳ ಮದುವೆಯಲ್ಲಿ, ಸಂಜೆಯ ಊಟಕ್ಕೆ ಎಲೆ ಹಾಕಿ ಬಡಿಸುವ ಹೊತ್ತಿಗೆ ಸರಿಯಾಗಿ ಗುಡುಗಿ, ದೀಪವೆಲ್ಲ ಆರಿ, ಬೀಗರ ಎಲೆಯಲ್ಲಿ ಸಾರಿನ ಮೇಲೆ ಪಾಯಸ ಬಿದ್ದಿತ್ತು. ಅದಕ್ಕೆ ಯಾರನ್ನು ಬೈಯುವುದೆಂದು ತಿಳಿಯದೆ ಚಡಪಡಿಸುತ್ತಿದ್ದ ಊರಿಗೆ ಈಗ ಒಂದು ಹೆಸರು ಸಿಕ್ಕಿತು.

ಸೇಸಮ್ಮ ತನ್ನ ಮಾಮೂಲು ಜಾಗಕ್ಕೆ ಹೋಗಿ ಬುಟ್ಟಿ ಇಳಿಸಿ ಕೂತಳು. ಮಧ್ಯಾಹ್ನದವರೆಗೆ ಒಬ್ಬರೂ ಬಂದು ಬೆಲೆ ಕೇಳಲಿಲ್ಲ. ಪ್ರತಿ ಬೇಸಗೆಗೂ ಮೀನಿನ ಸಾರಿಗೆಂದು ಅಗಲ ಬಾಯಿಯ ಎರಡು ಮಣ್ಣಿನ ಬಿಸಲೆ ಒಯ್ಯುವ ನಬೀಸಾ ಸುತ್ತು ಬಳಸಿ ಬಂದು, ಅತ್ತಿತ್ತ ನೋಡಿ, ಕುಕ್ಕರುಗಾಲಲ್ಲಿ ಕೂತು ತಗ್ಗಿದ ದನಿಯಲ್ಲಿ, "ಬೇಸರ ಮಾಡ್ಬೇಡಿ ಸೇಸಕ್ಕ. ನಮ್ಮ ಬೀಡಿ ಅಂಗಡಿ ಇರುವುದು ಜವಳಿಯವರ ಕಟ್ಟಡದಲ್ಲಿ. ಇವತ್ತು ತಕೊಂಡ್ರೆ ಮನೆಯಲ್ಲಿ ಬೈತಾರೆ," ಎಂದಳು.

"ನಾನು ನಿನಗೆ ತಕೊ ಅಂತ ಹೇಳ್ಲಿಲ್ಲ," ಎಂದಳು ಸೇಸಮ್ಮ. ನಬೀಸಾ ಎದ್ದು ಹೋದ ಮೇಲೆ ಅವಳು ಮಡಕೆಗಳನ್ನು ಪುನಃ ಬುಟ್ಟಿಗೆ ಜೋಡಿಸಿದಳು. ಐವತ್ತು ವರ್ಷದ ಬಾಳಿನಲ್ಲಿ ಸಂತೆಯಿಂದ ತುಂಬಿದ ಬುಟ್ಟಿಯನ್ನು ಮನೆಗೆ ಹೊತ್ತದ್ದು ಅದೇ ಮೊದಲು. ಬರುವಾಗಿನಷ್ಟೇ ಭಾರದ ಬುಟ್ಟಿ, ಹೋಗುವಾಗ ಕುತ್ತಿಗೆ ಮುರಿಯುವ ಹಾಗಿತ್ತು.

ಲಾಯಿಲದ ತುದಿಯಲ್ಲಿ, ಗದ್ದೆಯ ಮಗ್ಗುಲಿಗೆ ಅವಳ ಮನೆ. ಅಂಗಳದ ಆಚೆ ಮುರಕಲ್ಲಿನ ಗೋಡೆಯ ದುಂಡನೆಯ ಆವೆ. ಅಜ್ಜಿ ಕಟ್ಟಿಸಿದ್ದು, ತಾಯಿ ಉರಿಸಿದ್ದು, ಈಗ ಅವಳದು. ಗಂಡ ತೀರಿಹೋದ ಮೇಲೆ ತಮ್ಮ ಚನಿಯಪ್ಪ ತಿಗರಿ ತಿರುಗಿಸುತ್ತಾನೆ, ಅವಳು ತಟ್ಟುತ್ತಾಳೆ, ಸುಡುತ್ತಾಳೆ, ಮಾರುತ್ತಾಳೆ. ಆವೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಕರೆಂಟಿನ ಕಂಬ. ಅದನ್ನು ನೆಡುವಾಗಲೇ ಅವಳು ಕೂಲಿಯವರಿಗೆ ಹೇಳಿದ್ದಳು, ಇಲ್ಲಿ ಹೊಗೆ ಬರ್ತದೆ, ಆಚೆ ನೆಡಿ ಅಂತ. ನೀಲಿಕಾಗದದಲ್ಲಿ ಇಲ್ಲೇ ಗುರುತು ಹಾಕಿದೆ ಎಂದು ಅವರು ಅಲ್ಲೇ ಗುಂಡಿ ತೋಡಿದರು.

ಚನಿಯಪ್ಪನಿಗೆ ಸುದ್ದಿ ಅಕ್ಕನಿಗಿಂತ ಮೊದಲೇ ಮುಟ್ಟಿತ್ತು. ಅವನು ತಿಗರಿಯ ಮುಂದೆ ಕೈಕಟ್ಟಿ ಕೂತಿದ್ದ.

"ಸರ್ಕಾರದ ಕಾಗದ ಅಕ್ಕ. ಎದುರು ನಿಂತು ಆಗುವುದುಂಟಾ? ಆವೆಯನ್ನು ಗುಡ್ಡದ ಆಚೆ ಕಟ್ಟುವ."

"ಯಾವಾಗ ಕಟ್ಟುವುದು? ಮಳೆಗಾಲ ಶುರುವಾಗುವ ಪತ್ತನಾಜೆಗೆ ಇನ್ನು ಹನ್ನೆರಡು ದಿವಸ. ಮಳೆ ಹಿಡಿದ ಮೇಲೆ ಗೋಡೆ ಕಟ್ಟುತ್ತೀಯಾ, ಹಸಿ ಮಡಕೆ ಒಣಗಿಸುತ್ತೀಯಾ?"

ಚನಿಯಪ್ಪ ಒಳಗೆ ನೋಡಿದ. ಚಾವಡಿಯಲ್ಲಿ, ಕೋಣೆಯಲ್ಲಿ, ಮಲಗುವ ಚಾಪೆಗೂ ಜಾಗವಿಲ್ಲದಂತೆ ಇನ್ನೂರು ಹಸಿ ಮಡಕೆಗಳು ಒಣಗಿ ಕೂತಿದ್ದವು. ವರ್ಷದ ಕೊನೆಯ ಆವೆ ಅದು. ಅದು ಸುಟ್ಟು ಸಂತೆಗೆ ಹೋದರೆ ಮಳೆಗಾಲದ ನಾಲ್ಕು ತಿಂಗಳ ಗಂಜಿ, ಹೋಗದಿದ್ದರೆ ಗದ್ದೆಯ ಕೆಸರಿಗೆ ವಾಪಸ್ಸು.

"ಅದಲ್ಲದೆ," ಎಂದಳು ಸೇಸಮ್ಮ, "ಆಚೆ ಕಟ್ಟಿದರೆ ಹೌದು ಅಂತ ಒಪ್ಪಿಕೊಂಡ ಹಾಗೆ. ಕಂಬ ಬಂದು ನನ್ನ ಹೊಗೆಯಲ್ಲಿ ನಿಂತದ್ದು. ನನ್ನ ಹೊಗೆ ಕಂಬ ಹುಡುಕಿಕೊಂಡು ಹೋದದ್ದಲ್ಲ."

ಮರುದಿನ ಬೆಳಗ್ಗೆ ಲೈನ್‌ಮನ್ ತುಕ್ರಪ್ಪ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಆ ದಾರಿಯಾಗಿ ಬಂದ. ನಾರಾವಿ ಕಡೆಯವನು, ಮೂವತ್ತು ದಾಟದ ಮನುಷ್ಯ. ದಿನಾ ಅವಳ ಮನೆಯಲ್ಲಿ ನೀರು ಬೆಲ್ಲ ತಗೊಂಡು ಹೋಗುವವನು ಇವತ್ತು ತಲೆ ತಗ್ಗಿಸಿಕೊಂಡು ಬೇಲಿಯ ಆಚೆಯೇ ದಾಟಿಹೋಗಲು ನೋಡಿದ. ಸೇಸಮ್ಮ ಬಿಡಲಿಲ್ಲ. ಕರೆದು ಜಗಲಿಯಲ್ಲಿ ಕೂರಿಸಿದಳು.

"ಕಾಗದದಲ್ಲಿ ಬರೆದದ್ದು ನಿಜವಾ ತುಕ್ರಪ್ಪ? ನಿನಗೆ ಗೊತ್ತಿರ್ತದೆ."

ತುಕ್ರಪ್ಪ ಬೆಲ್ಲದ ತುಂಡನ್ನು ಕೈಯಲ್ಲೇ ತಿರುಗಿಸಿದ. "ನನ್ನ ಬಾಯಲ್ಲಿ ಬಂದದ್ದು ಅಂತ ಎಲ್ಲಿಯೂ ಹೇಳ್ಬೇಡಿ ಸೇಸಕ್ಕ. ಮಸಿ ಹಿಡಿದರೆ ತೊಂದರೆ ಉಂಟು, ಸುಳ್ಳಲ್ಲ. ಒದ್ದೆ ಮಸಿಯ ಮೇಲೆ ಕರೆಂಟು ಹರಿದಾಡ್ತದೆ. ಆದರೆ ನಾನು ಈ ವರ್ಷ ಇಳಿಸಿದ ಏಳು ಪಿಂಗಾಣಿಯೂ ಹಾಗೆ ಸತ್ತದ್ದಲ್ಲ."

"ಮತ್ತೆ ಹೇಗೆ ಸಾಯುವುದು ಅದು?"

ತನ್ನ ಕೆಲಸದ ಬಗ್ಗೆ ಹೀಗೆ ನೇರವಾಗಿ ಕೇಳಿದವರು ತುಕ್ರಪ್ಪನಿಗೆ ಅಪರೂಪ. ಬೆಲ್ಲ ಬಾಯಿಗೆ ಹಾಕಿಕೊಂಡು ಹುರುಪಿನಿಂದ ಶುರು ಮಾಡಿದ. ಸಿಡಿಲು ತಂತಿಗೇ ಬೀಳಬೇಕೆಂದಿಲ್ಲ. ಅರ್ಧ ಮೈಲಿ ಆಚೆ ಒಂದು ತೆಂಗಿಗೆ ಬಿದ್ದರೂ ತಂತಿಯಲ್ಲಿ ಒಂದು ಅಲೆ ಎದ್ದು ಓಡುತ್ತದೆ. ಹನ್ನೊಂದು ಸಾವಿರ ವೋಲ್ಟಿನ ತಂತಿಯಲ್ಲಿ ಆ ಒಂದು ಕ್ಷಣ ಲಕ್ಷ, ಎರಡು ಲಕ್ಷ. ಕಣ್ಣು ಮಿಟುಕಿಸುವುದರೊಳಗೆ ಬಂತು, ಹೋಯಿತು. ಆ ಕ್ಷಣ ತಂತಿಗೂ ಕಂಬಕ್ಕೂ ನಡುವೆ ನಿಂತು ತಡೆಯುವುದು ಈ ಪಿಂಗಾಣಿ ಒಂದೇ.

"ಅದಕ್ಕೇ ಅದಕ್ಕೆ ಒಂದರೊಳಗೊಂದು ಎರಡು ಲಂಗ ತೊಡಿಸಿದ್ದು," ಎಂದ. "ಹೊರಗಿನ ಲಂಗ ಮಳೆಯಲ್ಲಿ ನೆನೆದರೂ ಒಳಗಿನದ್ದು ಒಣಗಿರಬೇಕು. ಸಿಡಿಲಿನ ಅಲೆ ಕೆಳಗೆ ಇಳಿಯಬೇಕಾದರೆ ಲಂಗದ ಅಂಚೆಲ್ಲ ಸುತ್ತಿಕೊಂಡು ಬರಬೇಕು. ಸಣ್ಣ ಅಲೆಯಾದರೆ ಅಷ್ಟು ದೂರ ಬರುವುದೇ ಇಲ್ಲ, ಅಲ್ಲಿಗೇ ಮುಗೀತು. ತೀರಾ ದೊಡ್ಡದಾದರೆ ಹೊರಗಿನ ಗಾಳಿಯಲ್ಲಿ ಫಟ್ಟಂತ ಒಂದು ಕಿಡಿ ಹಾರ್ತದೆ, ದೀಪ ಹೋಗ್ತದೆ, ಬಂಟ್ವಾಳದಲ್ಲಿ ಸ್ವಿಚ್ಚು ಹಾಕಿದರೆ ಪುನಃ ಬರ್ತದೆ. ಪಿಂಗಾಣಿಗೆ ಏನೂ ಆಗುವುದಿಲ್ಲ. ಹೊರಗಿನಿಂದ ಹಾರಿದರೆ ಬದುಕ್ತದೆ. ಆದರೆ ಇವು ಏಳೂ ಒಳಗಿನಿಂದ ತೂತು. ನೆತ್ತಿಯಿಂದ ಕೆಳಗಿನ ಕಬ್ಬಿಣದವರೆಗೆ, ದಬ್ಬಣದಲ್ಲಿ ಚುಚ್ಚಿದ ಹಾಗೆ."

"ಹೊರಗೆ ಸುಟ್ಟ ಗುರುತು?"

"ಇಲ್ಲ."

"ಏಳೂ ನನ್ನ ಆವೆಯ ಹತ್ತಿರದ್ದಾ?"

"ಒಂದೂ ಅಲ್ಲ. ನಿಮ್ಮ ಕಂಬದ ಪಿಂಗಾಣಿ ಮೊದಲ ಪೆಟ್ಟಿಗೆಯದ್ದು. ಮಸಿ ಹಿಡಿದು ಕೋಣನ ಬಣ್ಣಕ್ಕೆ ತಿರುಗಿದೆ, ಆದರೂ ಗಟ್ಟಿ ಉಂಟು. ಸಾಯುವುದೆಲ್ಲ ಆಮೇಲೆ ಬಂದ ಪೆಟ್ಟಿಗೆಯದ್ದು."

"ಇದನ್ನು ನಿನ್ನ ಇಂಜಿನಿಯರಿಗೆ ಹೇಳಿದ್ದೀಯಾ?"

ತುಕ್ರಪ್ಪ ನೀರು ಕುಡಿದು ತಂಬಿಗೆ ಕೆಳಗಿಟ್ಟ. "ಆ ಪೆಟ್ಟಿಗೆಗಳು ಬಂದಾಗ ಸರಿ ಉಂಟು ಅಂತ ರುಜು ಹಾಕಿ ತಕೊಂಡದ್ದು ಅವರೇ. ನಾನು ಕಾಯಂ ಆಗ್ಲಿಲ್ಲ ಸೇಸಕ್ಕ. ಇಳಿಸಿದ ತುಂಡುಗಳನ್ನು ಅಲ್ಲೇ ಹೊಳೆಗೆ ಬಿಸಾಡ್ಲಿಕ್ಕೆ ಹೇಳಿದ್ರು. ಬಿಸಾಡಿದೆ."

ಸೇಸಮ್ಮ ಅವನನ್ನು ಬೈಯಲಿಲ್ಲ. ಬೈದು ಪ್ರಯೋಜನವಿಲ್ಲದವರನ್ನು ಅವಳು ಬೈಯುತ್ತಿರಲಿಲ್ಲ. "ಇನ್ನೊಂದು ಒಡೆದರೆ ನನ್ನ ಕೈಗೆ ತಂದು ಕೊಡು," ಎಂದಳು. "ಮಣ್ಣಿನದ್ದು ತಾನೇ. ನಾನೂ ಒಮ್ಮೆ ನೋಡುವ."

ಕಾಗದದ ಎಂಟನೆಯ ದಿನ, ಬೆಳಕು ಹರಿಯುವ ಮೊದಲೇ, ಸೇಸಮ್ಮ ಆವೆಗೆ ಬೆಂಕಿ ಹಾಕಿದಳು. ಹಿಂದಿನ ದಿನವಿಡೀ ಅಕ್ಕ ತಮ್ಮ ಸೇರಿ ಮಡಕೆ ಜೋಡಿಸಿ, ಸೌದೆ ತುಂಬಿ, ಮೇಲೆ ಬೈಹುಲ್ಲು ಹೊದಿಸಿ ಮಣ್ಣು ಮೆತ್ತಿದ್ದರು. ಚನಿಯಪ್ಪ ಕೆಲಸವೆಲ್ಲ ಮಾಡಿದ, ಕೊಳ್ಳಿ ಮಾತ್ರ ಮುಟ್ಟಲಿಲ್ಲ. ಕೈದು ಮಾಡಿದರೆ ಒಬ್ಬರಾದರೂ ಹೊರಗಿರಬೇಕಲ್ಲ ಎಂಬುದು ಅವನ ಲೆಕ್ಕ. ಅವಳಿಗೆ ನಗು ಬಂತು, ಭಯವೂ ಆಯಿತು. ಭಯವಾದಾಗಲೆಲ್ಲ ಒಂದು ಸೌದೆ ಜಾಸ್ತಿ ಒಟ್ಟಿದಳು.

ಹೊಗೆ ಕಂಡು ಯಾರು ಸುದ್ದಿ ಮುಟ್ಟಿಸಿದರೋ, ಮಧ್ಯಾಹ್ನ ಮೂರರ ಹೊತ್ತಿಗೆ ಇಂಜಿನಿಯರರ ಜೀಪು ಗದ್ದೆಯ ಬದಿಗೆ ಬಂದು ನಿಂತಿತು. ಹಿಂದೆ ತುಕ್ರಪ್ಪ. ಇಂಜಿನಿಯರು ಮೈಸೂರು ಕಡೆಯವರು, ತೆಳ್ಳಗಿನ ಹುಡುಗುಮುಖದ ಮನುಷ್ಯ. ಕೆಟ್ಟವರೇನಲ್ಲ. ಈ ಊರಿನ ಸಿಡಿಲು ಕಂಡು ಕಂಗಾಲಾಗಿ, ವಾರಕ್ಕೆರಡು ಸಲ ಮೇಲಿನವರಿಂದ ಬೈಸಿಕೊಂಡು, ಒಂದು ಕಾರಣ ಬೇಕೇ ಬೇಕೆಂದು ಹುಡುಕುವಾಗ ಕಂಬದ ಪಕ್ಕದಲ್ಲಿ ಹೊಗೆ ಕಂಡಿತ್ತು.

"ಏನಮ್ಮ ಇದು? ಕಾಗದ ಓದಿ ಹೇಳ್ಲಿಲ್ವಾ ನಿಮಗೆ?"

"ಎರಡು ಸಲ ಓದಿ ಹೇಳಿದ್ದಾರೆ," ಎಂದಳು ಸೇಸಮ್ಮ. ತುಳು ಬಿಟ್ಟು ಕನ್ನಡದಲ್ಲಿ, ಒಂದೊಂದೇ ಮಾತು ನಿಧಾನವಾಗಿ. "ಎಂಟು ದಿವಸದ ಒಳಗೆ ಅಂತ ಉಂಟು. ಇವತ್ತು ಎಂಟನೇ ದಿವಸ."

"ಬೆಂಕಿ ಹಾಕ್ಬಾರ್ದು ಅಂತಾನೂ ಬರ್ದಿದೆ. ಮೊದಲು ಆರಿಸಿ."

"ಅರ್ಧ ಬೆಂದ ಆವೆಗೆ ನೀರು ಹಾಕಿದರೆ ಇನ್ನೂರು ಮಡಕೆ ಒಡೆದು ಹೋಗ್ತದೆ. ನಾನು ಆರಿಸುವುದಿಲ್ಲ. ನೀವು ಬೇಕಾದರೆ ಆರಿಸಿ, ಬಾವಿ ಅಲ್ಲುಂಟು, ಕೊಡಪಾನ ಇಲ್ಲುಂಟು." ಅವಳು ಆವೆಯ ಬಾಯಿಯ ಎದುರು ಕಾಲು ಚಾಚಿ ಕೂತಳು. "ನನ್ನನ್ನು ದಾಟಿ ಹಾಕಬೇಕಷ್ಟೆ."

ಇಂಜಿನಿಯರು ಕೊಡಪಾನವನ್ನು ನೋಡಿದರು, ಅವಳನ್ನು ನೋಡಿದರು. ಐವತ್ತರ ಹೆಂಗಸಿನ ಮೈಮೇಲೆ ನೀರು ಸುರಿಯುವ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಅಷ್ಟರಲ್ಲಿ ಪಶ್ಚಿಮದಲ್ಲಿ ಗುಡುಗಿತು. ಗಾಳಿ ಎದ್ದು, ಆವೆಯ ಹೊಗೆಯನ್ನು ಎತ್ತಿ ನೇರವಾಗಿ ಕಂಬದ ನೆತ್ತಿಗೆ ಒಯ್ದಿತು.

"ನೋಡಿ," ಎಂದರು ಇಂಜಿನಿಯರು, "ನಿಮ್ಮ ಕಣ್ಮುಂದೇನೇ ಆಗತ್ತೆ ಈಗ."

"ನೋಡುವ," ಎಂದಳು ಸೇಸಮ್ಮ.

ಮಳೆ ದಪ್ಪ ಹನಿಯಲ್ಲಿ ಬಂತು. ಇಂಜಿನಿಯರು, ತುಕ್ರಪ್ಪ ಇಬ್ಬರೂ ಜಗಲಿಗೆ ಓಡಿದರು. ಸೇಸಮ್ಮ ಆವೆಯ ಸೋಗೆಯ ಮಾಡಿನ ಕೆಳಗೇ ಉಳಿದಳು. ಗುಡ್ಡದ ಮೇಲೆ ಪಟೇಲರ ಮನೆಯ ಜಗಲಿಯಲ್ಲಿ ಹಗಲಲ್ಲೂ ಆರಿಸದ ಒಂದು ಬಲ್ಬು ಉರಿಯುತ್ತಿತ್ತು. ಮೋಡ ಕವಿದ ಕತ್ತಲಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು. ಮೂವರ ಕಣ್ಣೂ ಒಮ್ಮೆ ಕಂಬಕ್ಕೆ, ಒಮ್ಮೆ ಬಲ್ಬಿಗೆ.

ಒಂದು ಸಿಡಿಲು ಹೊಳೆಯ ಆಚೆ ಬಿತ್ತು. ಕಂಬದ ಮೇಲೆ ಒದ್ದೆ ಮಸಿಯಲ್ಲಿ ಸಿರ್ ಎಂದು ಸದ್ದಾಗಿ ನೀಲಿ ಎಳೆಗಳು ಹರಿದಾಡಿದವು. "ನೋಡಿದ್ರಾ, ನೋಡಿದ್ರಾ," ಎಂದರು ಇಂಜಿನಿಯರು. ತಾನೇ ತಪ್ಪಿರಬಹುದೇ ಎಂದು ಸೇಸಮ್ಮನಿಗೆ ಆ ಒಂದು ಗಳಿಗೆ ನಿಜವಾಗಿಯೂ ಅನ್ನಿಸಿತು. ಆದರೆ ಬಲ್ಬು ಆರಲಿಲ್ಲ. ಮಳೆ ಇನ್ನೂ ಜೋರಾಗಿ ಪಿಂಗಾಣಿಯ ಮಸಿ ಕಪ್ಪು ನೀರಾಗಿ ಕಂಬದಗುಂಟ ಇಳಿಯತೊಡಗಿತು. ಇನ್ನೊಂದು ಸಿಡಿಲು, ಹತ್ತಿರದಲ್ಲಿ. ಬಲ್ಬು ಉರಿಯುತ್ತಲೇ ಇತ್ತು. ಮೂರನೆಯದು ಎಲ್ಲೋ ಬಂಟ್ವಾಳದ ರಸ್ತೆಯ ಕಡೆ, ದೂರದಲ್ಲಿ, ಕಿವಿಗೆ ಅಷ್ಟೇನೂ ಜೋರಲ್ಲದ್ದು. ಬಲ್ಬು ಫಕ್ಕನೆ ಆರಿತು.

ಈ ಕಂಬದಲ್ಲಿ ಆಗ ಕಿಡಿಯೂ ಇರಲಿಲ್ಲ, ಸದ್ದೂ ಇರಲಿಲ್ಲ. ಇಂಜಿನಿಯರು ಜಗಲಿಯ ಅಂಚಿಗೆ ಬಂದು ಕಂಬವನ್ನೇ ನೋಡಿದರು.

ತುಕ್ರಪ್ಪ ಮಳೆ ಕಡಿಮೆಯಾಗುವವರೆಗೆ ಕಾದು, ಜೀಪಿನಲ್ಲಿ ಹೋಗಿ ಪೋಸ್ಟಾಫೀಸಿನಿಂದ ಬಂಟ್ವಾಳಕ್ಕೆ ಫೋನು ಮಾಡಿಸಿ, ಲೈನು ಬಂದ್ ಇದೆಯೆಂದು ಖಾತ್ರಿ ಮಾಡಿಕೊಂಡು, ಜೀಪನ್ನು ವಾಪಸ್ಸು ಕಳಿಸಿ, ತಂತಿಯ ಜಾಡು ಹಿಡಿದು ನಡೆದ. ಅವನು ತಿರುಗಿ ಬರಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಇಂಜಿನಿಯರು ಜಗಲಿಯಲ್ಲಿ ಕೂತಿದ್ದರು. ಚನಿಯಪ್ಪ ತಂದಿಟ್ಟ ನೀರು ಬೆಲ್ಲವನ್ನು ಮುಟ್ಟಲಿಲ್ಲ. ಸೇಸಮ್ಮ ಅವರ ಕಡೆ ನೋಡದೆ ಸೌದೆ ಒಟ್ಟುತ್ತಲೇ ಇದ್ದಳು.

ತುಕ್ರಪ್ಪ ಬಂದ. ಮೈಯೆಲ್ಲ ಒದ್ದೆ, ಕಂಕುಳಲ್ಲಿ ಒಂದು ಕಂದುಬಣ್ಣದ ಪಿಂಗಾಣಿ. ಅದನ್ನು ಇಂಜಿನಿಯರರ ಕೈಗೆ ಕೊಡಬೇಕೋ ಸೇಸಮ್ಮನ ಕೈಗೆ ಕೊಡಬೇಕೋ ಎಂದು ಅಂಗಳದ ನಡುವೆ ಒಂದು ಕ್ಷಣ ನಿಂತ. ಆಮೇಲೆ ಸೀದಾ ಹೋಗಿ ಸೇಸಮ್ಮನ ಮುಂದೆ ಇಟ್ಟ. ನೌಕರಿ ಕಾಯಂ ಆಗದ ಮನುಷ್ಯನಿಗೆ ಆ ಹತ್ತು ಹೆಜ್ಜೆ ಸಣ್ಣದಲ್ಲ.

"ಎಲ್ಲಿಯದ್ದು?" ಎಂದಳು.

"ಇಲ್ಲಿಂದ ಇಪ್ಪತ್ತೆರಡು ಕಂಬ ಆಚೆ. ಬಂಟ್ವಾಳದ ಬದಿ," ಎಂದು ತುಕ್ರಪ್ಪ ಇಂಜಿನಿಯರರಿಗೆ ಕೇಳುವಂತೆ ಹೇಳಿದ. "ಸುತ್ತ ಗದ್ದೆ. ಹೊಗೆ ಬಿಡಿ, ಮನೆಯೇ ಇಲ್ಲ ಸರ್."

ಸೇಸಮ್ಮ ಅದನ್ನು ಎತ್ತಿ ನೋಡಿದಳು. ಹೊರಗೆ ಕನ್ನಡಿಯ ಹಾಗೆ ಹೊಳಪು, ಒಂದು ಚುಕ್ಕೆ ಮಸಿಯಿಲ್ಲ. ನೆತ್ತಿಯಲ್ಲಿ ಮಾತ್ರ ಸಾಸಿವೆಯಷ್ಟು ತೂತು. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ಕೇಳಿ, ಮುಖ ಸಿಂಡರಿಸಿದಳು.

"ಒಡೆಯಲಾ?"

"ಅದು ಸರ್ಕಾರದ ಸೊತ್ತು," ಎಂದರು ಇಂಜಿನಿಯರು.

"ಸತ್ತ ಸೊತ್ತು," ಎಂದು ಅವಳು ಅದನ್ನು ಮುರಕಲ್ಲಿನ ಅಂಚಿಗೆ ಬಡಿದಳು.

ಅದು ತೂತಿನ ಗೆರೆಯಲ್ಲೇ ಸೀಳಿತು. ನೆತ್ತಿಯಿಂದ ತಳದವರೆಗೆ ನೂಲಿನಷ್ಟು ಸಪೂರದ ಕಪ್ಪು ಗೆರೆ. ಸಿಡಿಲು ಹೋದ ದಾರಿ. ಸೇಸಮ್ಮ ಗೆರೆಯನ್ನಲ್ಲ, ಒಡೆದ ಮೈಯನ್ನು ನೋಡುತ್ತಿದ್ದಳು. ಮೇಲಿನ ಹೊಳಪಿನ ಕೆಳಗೆ ಅದು ಸುಣ್ಣದ ಕಡ್ಡಿಯ ಹಾಗೆ ಮಂಕಾಗಿತ್ತು. ಅವಳು ಒಂದು ಚೂರನ್ನು ಸೆರಗಿನಲ್ಲಿ ಒರೆಸಿ, ನಾಲಿಗೆ ಹೊರಚಾಚಿ, ಚೂರನ್ನು ನಾಲಿಗೆಗೆ ಒತ್ತಿ ಕೈ ಬಿಟ್ಟಳು. ಚೂರು ಬೀಳಲಿಲ್ಲ. ನಾಲಿಗೆಗೆ ಕಚ್ಚಿಕೊಂಡು ನೇತಾಡಿತು. ಹಾಗೆಯೇ ಅವಳು ಇಂಜಿನಿಯರರ ಕಡೆಗೆ ತಿರುಗಿ ನಿಂತಳು. ಚನಿಯಪ್ಪ ನಾಚಿಕೆಯಿಂದ ಬೇರೆ ಕಡೆ ನೋಡಿದ.

ಚೂರನ್ನು ಕಿತ್ತು ತೆಗೆದು ಹೇಳಿದಳು: "ಮಣ್ಣು ಬೆಂದದ್ದು ಎಷ್ಟು ಅಂತ ನಾವು ನೋಡುವುದು ಹೀಗೆ. ನೀರು ಕುಡಿಯುವ ಮಣ್ಣು ನಾಲಿಗೆ ಹಿಡಿಯುತ್ತದೆ. ನನ್ನ ಮಡಕೆಯೂ ಹಿಡಿಯುತ್ತದೆ. ಅದು ಹಿಡಿಯಬೇಕು, ಹಿಡಿದರೇ ಒಳಗಿನ ನೀರು ತಣ್ಣಗೆ. ಆದರೆ ಇದು ನೀರು ಕುಡಿಯದ ಮಣ್ಣು ಅಂತ ಅಲ್ಲವಾ ನೀವು ಕಂಬದ ಮೇಲೆ ಕೂರಿಸಿದ್ದು? ಇದು ಬೇಯಲೇ ಇಲ್ಲ. ಮೇಲೆ ಬಣ್ಣದ ಹೊಳಪು ಕೊಟ್ಟು, ಆವೆಯಿಂದ ಬೇಗ ತೆಗೆದಿದ್ದಾರೆ. ಯಾರೋ ಎಲ್ಲಿಯೋ ಸೌದೆ ಉಳಿಸಿದ್ದಾರೆ. ನಾನು ಹೀಗೆ ಸುಟ್ಟರೆ ಲಾಯಿಲದ ಹೆಂಗಸರು ಮಡಕೆಯನ್ನು ನನ್ನ ತಲೆಗೇ ಒಡೆಯುತ್ತಾರೆ."

ಇಂಜಿನಿಯರು ಒಡೆದ ಪಿಂಗಾಣಿಯ ಮೇಲೆ ಬಗ್ಗಿದರು.

"ಇದು ನನ್ನ ಎಂಜಲಲ್ಲ, ಬೇರೆ ಚೂರು," ಎಂದು ಇನ್ನೊಂದನ್ನು ಅಂಗೈಯಲ್ಲಿಟ್ಟು ನೀಡಿದಳು. "ನೀವೂ ನೋಡಿ."

ಅವರು ಅದನ್ನು ತೆಗೆದುಕೊಂಡು ಜೀಪಿನ ಹತ್ತಿರ ಹೋಗಿ ಅತ್ತ ಮುಖ ಮಾಡಿ ನಿಂತರು. ನಾಲಿಗೆಗೆ ಇಟ್ಟರೋ ಇಲ್ಲವೋ ಯಾರೂ ಕಾಣಲಿಲ್ಲ. ತಿರುಗಿ ಬಂದಾಗ ಕೆಳತುಟಿಯ ಮೇಲೆ ಬಿಳಿ ಪುಡಿ ಇತ್ತು.

"ಈ ಪೆಟ್ಟಿಗೇದು ಲೈನಲ್ಲಿ ಎಷ್ಟಿದೆ ತುಕ್ರಪ್ಪ?"

"ಇನ್ನೂರ ಎಪ್ಪತ್ತು, ಸರ್."

ಇಂಜಿನಿಯರು ಕರವಸ್ತ್ರದಿಂದ ತುಟಿ ಒರೆಸಿಕೊಂಡರು. ಆಮೇಲೆ, "ಸರಿ ಅಮ್ಮ. ನೀವು ಆವೆ ಉರಿಸ್ಕೊಳ್ಳಿ. ನಾನು ತೊಂದ್ರೆ ಕೊಡಲ್ಲ," ಎಂದು ಜೀಪು ಹತ್ತಲು ಹೋದರು. ಚನಿಯಪ್ಪನ ಹೋದ ಜೀವ ಬಂತು. ಕೈಮುಗಿಯಲು ಓಡಿದ. ಸೇಸಮ್ಮ ಅವನ ರಟ್ಟೆ ಹಿಡಿದು ನಿಲ್ಲಿಸಿದಳು.

"ಕಾಗದ?" ಎಂದಳು.

"ಬಾಯಲ್ಲಿ ಹೇಳಿದ್ನಲ್ಲಮ್ಮ."

"ಬಾಯಲ್ಲಿ ಹೇಳಿದ್ದು ಕೇಳಿದ್ದು ನಾವು ಮೂವರು. ಕಾಗದವನ್ನು ಇಡೀ ಸಂತೆ ಕೇಳಿದೆ. ದೀಪ ನಂದಿಸಿದವಳು ಅಂತ ಮಕ್ಕಳು ಕೂಡ ಹೇಳ್ತಾರೆ. ನನ್ನ ಹೊಗೆ ಅಲ್ಲ, ಪಿಂಗಾಣಿ ಬೇಯಲಿಲ್ಲ ಅಂತ ಬರೆದು, ಅದೇ ಜಗಲಿಯಲ್ಲಿ, ಅದೇ ಸೋಮವಾರದ ಸಂತೆಯಲ್ಲಿ ಓದಿಸಬೇಕು."

"ಆಫೀಸಿಂದ ಒಂದ್ಸಲ ಹೊರಟ ಕಾಗದಾನ ವಾಪಸ್ ತಗೊಳ್ಳೋ ಪದ್ಧತಿ ಇಲ್ಲಮ್ಮ. ಕೆಲಸ ಆಯ್ತಲ್ಲ, ಇನ್ಯಾಕೆ?"

"ನಿಮ್ಮ ಕೆಲಸ ಆಯ್ತು," ಎಂದಳು ಸೇಸಮ್ಮ. "ನನ್ನದು ಆಗ್ಲಿಲ್ಲ."

ಜೀಪು ಹೋಯಿತು. ಮಾರನೆಯ ದಿನದಿಂದ ತುಕ್ರಪ್ಪನೂ ಇನ್ನು ನಾಲ್ವರೂ ಕಂಬ ಕಂಬ ಹತ್ತಿ ಪಿಂಗಾಣಿ ಇಳಿಸತೊಡಗಿದರು. ಆವೆ ಆರಿ, ಬಿಚ್ಚಿದಾಗ ಇನ್ನೂರರಲ್ಲಿ ಒಡೆದದ್ದು ಹನ್ನೊಂದೇ. ಅಷ್ಟು ಒಳ್ಳೆಯ ಆವೆ ಈಚೆಗೆ ಆಗಿರಲಿಲ್ಲ. ಚನಿಯಪ್ಪ ಗಾಡಿ ಗೊತ್ತು ಮಾಡಲು ಹೊರಟ.

"ಬೇಡ," ಎಂದಳು ಸೇಸಮ್ಮ.

ಆ ಸೋಮವಾರ ಅವಳು ಬರಿಗೈಯಲ್ಲಿ ಸಂತೆಗೆ ಹೋಗಿ, ತನ್ನ ಜಾಗದಲ್ಲಿ ಗೋಣಿ ಹಾಸಿ, ಕಾಲು ಮಡಚಿ ಕೂತಳು. ಮುಂದೆ ಒಂದು ಮುಚ್ಚಳವೂ ಇಲ್ಲ. ಮಳೆ ಹಿಡಿಯುವ ಮೊದಲು ಮಡಕೆ ಕೊಂಡಿಟ್ಟುಕೊಳ್ಳಬೇಕಾದ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ತಡೆಯಲಾರದೆ ಜವಳಿ ಅಂಗಡಿಯವರ ಹೆಂಡತಿಯ ಕಡೆಯವಳೇ ಕೇಳಿದಳು: "ಮಡಕೆ ಎಲ್ಲಿ?"

"ಮನೆಯಲ್ಲುಂಟು."

"ತರ್ಲಿಲ್ಲ ಯಾಕೆ?"

"ದೀಪ ನಂದಿಸುವವಳ ಮಡಕೆ ಯಾರಿಗೆ ಬೇಕು? ನನ್ನ ಕಾಗದ ಬರಲಿ, ಮಡಕೆ ಬರ್ತದೆ."

ಎರಡನೇ ಸೋಮವಾರವೂ ಹಾಗೆಯೇ ಕೂತಳು. ಮನೆಯಲ್ಲಿ ಅಕ್ಕಿ ತಳ ಕಂಡಿತ್ತು. ಚನಿಯಪ್ಪ ಅವಳೊಡನೆ ಮಾತು ಬಿಟ್ಟಿದ್ದ. ಈ ಹಟ ಹೊಟ್ಟೆಗೆ ಆಗುವುದಲ್ಲ ಎಂದು ಅವಳಿಗೂ ಗೊತ್ತಿತ್ತು. ಮಲಗಿದರೆ ನಿದ್ದೆ ಬರುತ್ತಿರಲಿಲ್ಲ. ಆದರೂ ಬೆಳಗಾದರೆ, ಹೊತ್ತುಕೊಂಡು ಬಂದ ಆ ತುಂಬಿದ ಬುಟ್ಟಿಯ ಭಾರ ಕುತ್ತಿಗೆಯಲ್ಲಿ ನೆನಪಾಗಿ ಸಿಟ್ಟು ಮೊದಲಿನಿಂದ ಶುರುವಾಗುತ್ತಿತ್ತು. ನಬೀಸಾ ಮಾತ್ರ ಆ ದಿನ ಎಲ್ಲರೆದುರೇ ಬಂದು ಪಕ್ಕದಲ್ಲಿ ಕೂತು, ಎಲೆಯಡಿಕೆ ಕೊಟ್ಟು, ಹೋಟೆಲಿನವರಿಗೆ ಕೇಳುವಂತೆ ಹೇಳಿದಳು: "ಹತ್ತು ದಿವಸದಿಂದ ಗುಡುಗುತ್ತಾ ಉಂಟು. ಬಲ್ಬು ಎಲ್ಲಿ ಆರಿದೆ? ಸೇಸಕ್ಕನ ಆವೆ ಅಲ್ಲೇ ಉಂಟಲ್ಲ."

ಅದು ನಿಜವೆಂದು ಎಲ್ಲರಿಗೂ ಗೊತ್ತಿತ್ತು; ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಆ ವಾರ ಪೇಟೆಯ ಹೆಂಗಸರ ಕಾಟ ತಾಳಲಾರದೆ ಪಟೇಲರು ಬಂಟ್ವಾಳಕ್ಕೆ ಅರ್ಜಿ ಬರೆದರೆಂದು ಕೆಲವರು ಹೇಳುತ್ತಾರೆ. ಅರ್ಜಿ ಮುಟ್ಟುವ ಮೊದಲೇ ಇಂಜಿನಿಯರು ತಾವಾಗಿ ಬರೆದಿದ್ದರು, ತಾರೀಕು ನೋಡಿದರೆ ಗೊತ್ತಾಗುತ್ತದೆ ಎಂದು ತುಕ್ರಪ್ಪ ವಾದಿಸುತ್ತಾನೆ.

ಮೂರನೇ ಸೋಮವಾರ ಬೆಳಗ್ಗಿನಿಂದಲೇ ಜಿನುಗು ಮಳೆ. ಕಾಗದ ಬಂದಿದೆಯೆಂದು ಹಿಂದಿನ ದಿನವೇ ಸುದ್ದಿ ಸಿಕ್ಕಿ, ಚನಿಯಪ್ಪ ಅಕ್ಕನನ್ನು ಕೇಳದೆಯೇ ಗಾಡಿ ತುಂಬಿಸಿ ತಂದಿದ್ದ. ಬೈಹುಲ್ಲಿನ ನಡುವೆ ನೂರ ಎಂಬತ್ತೊಂಬತ್ತು ಮಡಕೆಗಳು ಕೆಂಪಗೆ ಕೂತಿದ್ದವು. ಹೆಂಗಸರು ಗಾಡಿಯ ಸುತ್ತ ಕೊಡೆ ಹಿಡಿದು ಮುತ್ತಿಕೊಂಡಿದ್ದರು. ಸೇಸಮ್ಮ ಗಾಡಿಯ ಹಿಂಬದಿಗೆ ಬೆನ್ನು ಕೊಟ್ಟು ನಿಂತಿದ್ದಳು.

ಶ್ಯಾನುಭಾಗರು ಜಗಲಿಗೆ ಬಂದು ಕನ್ನಡಕ ಹಾಕಿ ಓದಿದರು. ಲಾಯಿಲದ ಸೇಸಮ್ಮ ಎಂಬವರ ಆವೆಯ ಬಗ್ಗೆ ಈ ಹಿಂದೆ ಹೊರಡಿಸಿದ ಆಜ್ಞೆಯನ್ನು ರದ್ದುಪಡಿಸಲಾಗಿದೆ. ಪರಿಶೀಲಿಸಲಾಗಿ, ದೀಪಗಳು ನಂದಲು ಸದರಿ ಆವೆಯ ಹೊಗೆ ಕಾರಣವಲ್ಲವೆಂದೂ, ಸರಿಯಾಗಿ ಬೇಯದ ಪಿಂಗಾಣಿಗಳು ಸಿಡಿಲಿನ ಹೊಡೆತವನ್ನು ತಾಳದೆ ಹೋದದ್ದೇ ಕಾರಣವೆಂದೂ ಕಂಡುಬಂದಿದೆ. ಕಾಗದದಲ್ಲಿ ಇದ್ದದ್ದು ಅಷ್ಟೇ. ತಪ್ಪಾಯಿತೆಂದು ಎಲ್ಲಿಯೂ ಇರಲಿಲ್ಲ. ಶ್ಯಾನುಭಾಗರು ಕಾಗದ ಮಡಚತೊಡಗಿದರು. ಅದನ್ನು ಕಾಯುತ್ತಿದ್ದ ಹಾಗೆ ಹತ್ತು ಕೈಗಳು ಗಾಡಿಯೊಳಕ್ಕೆ ಚಾಚಿದವು. ಎಲ್ಲರಿಗಿಂತ ಮುಂದೆ ನಬೀಸಾ, ಎರಡು ಬಿಸಲೆಗಳ ಅಂಚನ್ನು ಆಗಲೇ ಹಿಡಿದಾಗಿತ್ತು.

ಸೇಸಮ್ಮ ಅವಳ ಕೈಯ ಮೇಲೆ ತನ್ನ ಕೈಯಿಟ್ಟಳು.

"ಇರು," ಎಂದಳು. ಆಮೇಲೆ ಜಗಲಿಯ ಕಡೆ ತಿರುಗಿ ಹೇಳಿದಳು: "ಶ್ಯಾನುಭಾಗರೇ, ರುಜು ಓದ್ಲಿಲ್ಲ ನೀವು. ನನ್ನ ಹೆಸರು ಓದಿದ ಹಾಗೆ ಅದನ್ನೂ ಓದಿ."

ಚಾಚಿದ ಕೈಗಳು ಹಾಗೆಯೇ ನಿಂತವು. ಶ್ಯಾನುಭಾಗರು ಮಡಚಿದ ಕಾಗದವನ್ನು ಬಿಚ್ಚಿ, ಮಳೆಯ ಹನಿ ಬೀಳದಂತೆ ಮೈಗೆ ಹತ್ತಿರ ಹಿಡಿದು, ಇಂಜಿನಿಯರರ ಹೆಸರನ್ನೂ ಹುದ್ದೆಯನ್ನೂ ತಾರೀಕನ್ನೂ ಒಂದೊಂದಾಗಿ ಓದಿದರು.